ಒಂದು ಮಣಿ ಬದಲಿಸಿ, ಹ್ಯಾಮ್‌ಸ್ಟರ್ ಏನು ಮಾಡುತ್ತದೆ ನೋಡಿ

ಪೆಪ್ಟೈಡ್ ಹಾರ್ಮೋನು ಅಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ವಾಸೊಪ್ರೆಸಿನ್‌ನಲ್ಲಿ 9 ಮಣಿ, ಆಕ್ಸಿಟೋಸಿನ್‌ನಲ್ಲೂ 9. ಬೇರೆ ಇರುವುದು 3ನೇ ಮಣಿ ಮತ್ತು 8ನೇ ಮಣಿ ಮಾತ್ರ. ಅಷ್ಟಕ್ಕೇ ಒಂದು ಮೂತ್ರ ಕಡಿಮೆ ಮಾಡುತ್ತದೆ, ಇನ್ನೊಂದು ಎದೆಹಾಲು ಇಳಿಸುತ್ತದೆ! ಅದಕ್ಕೇ, ಹಾರ್ಮೋನಿನ ಮಣಿ ಬದಲಿಸಿ ಪ್ರಾಣಿಯ ನಡವಳಿಕೆ ನೋಡುವ ಪ್ರಯೋಗಕ್ಕೆ ಇಳಿಯುವ ಹೊಸಬರಿಗೆ ನಾನು ಹೇಳುವುದು: ಒಂದು ಸಲಕ್ಕೆ ಒಂದೇ ಮಣಿ ಮುಟ್ಟಿ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. 1ನೇ ಮತ್ತು 6ನೇ ಸಿಸ್ಟೀನ್‌ಗಳ ನಡುವಿನ ಗಂಧಕದ ಕೊಂಡಿಯೇ ಸರವನ್ನು ಉಂಗುರವಾಗಿ ಬಗ್ಗಿಸುವುದು. ಶುರುವಿನಲ್ಲೇ ಅದರ ತಂಟೆಗೆ ಹೋಗಬೇಡಿ.

ಆಮೇಲೆ, ಕಣ್ಣಿಗೆ ಕಾಣುವ, ಎಣಿಸಲು ಬರುವ ನಡವಳಿಕೆ ಆರಿಸಿಕೊಳ್ಳಿ. ಪ್ರೀತಿ, ಸಿಟ್ಟು ಎಲ್ಲ ಬೇಡ. ನನಗೆ ಇಷ್ಟವಾದದ್ದು ಗೋಲ್ಡನ್ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪುಟ್ಟ ಪ್ರಾಣಿ ಪಕ್ಕೆ ಉಜ್ಜುವುದು. ಅದರ ಎರಡೂ ಪಕ್ಕೆಗಳಲ್ಲಿ ಕಪ್ಪು ಮಚ್ಚೆಯಂಥ ವಾಸನೆಯ ಗ್ರಂಥಿಗಳಿವೆ. ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್‌ನ ಮುಂಭಾಗಕ್ಕೆ ಚೂರೇ ಚೂರು ವಾಸೊಪ್ರೆಸಿನ್ ಬಿಟ್ಟರೆ ಸಾಕು, ಗ್ರಂಥಿಯನ್ನು ನೆಕ್ಕಿ, ಬಾಚಿ, ಬೆನ್ನು ಬಾಗಿಸಿ, ಪಂಜರದ ಗೋಡೆಗೆ ಪಕ್ಕೆ ಒತ್ತಿಕೊಂಡು ಸಾಗುತ್ತದೆ. ಇದನ್ನು 1984ರಲ್ಲೇ ತೋರಿಸಿದ್ದಾರೆ. ನೀವು 10 ನಿಮಿಷ ಕೂತು, ಉಜ್ಜಿದಷ್ಟು ಸಲ ಗೀಟು ಹಾಕುತ್ತಾ ಹೋಗಿ. 1ನೇ ಮಣಿಗೆ ದಪ್ಪ ಇಂಗಾಲದ ಬಳೆ, 2ನೇ ಟೈರೋಸಿನ್‌ಗೆ ಒಂದು ಮೀಥೈಲ್ ಸೇರಿಸಿದ ವಾಸೊಪ್ರೆಸಿನ್ ಸಿದ್ಧವಾಗಿಯೇ ಸಿಗುತ್ತದೆ. ಅದನ್ನು ಮೊದಲೇ ಕೊಟ್ಟರೆ ಉಜ್ಜಾಟ ಅಡಗುತ್ತದೆ. ಬೀಗದೊಳಗೆ ತೂರುತ್ತದೆ, ತಿರುಗುವುದಿಲ್ಲ, ಅಂಥ ಕೀಲಿ ಅದು.

ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬಂದ ಮೇಲೆ ನಾಲ್ಕು ಗುಂಪು ಮಾಡಿ: ಬರೀ ಸಲೈನ್, ಮೂಲ ಹಾರ್ಮೋನು, ನೀವು ಬದಲಿಸಿದ್ದು, ಅವೇ 9 ಮಣಿಗಳನ್ನು ಕಲಸಿ ಪೋಣಿಸಿದ್ದು. ದುಡ್ಡು ಉಳಿಸಲು ಕೊನೆಯದನ್ನು ಬಿಡುವವರೇ ಜಾಸ್ತಿ. ಬಿಡಬೇಡಿ.

ನಾನು ಎಡವಿದ್ದು ಫ್ರೀಜರ್ ಹತ್ತಿರ. ಒಂದೇ ಟ್ಯೂಬನ್ನು ದಿನಾ ಕರಗಿಸಿ, ಮತ್ತೆ ಹೆಪ್ಪುಗಟ್ಟಿಸುತ್ತಿದ್ದೆ. ನಾಲ್ಕನೇ ದಿನ ಹ್ಯಾಮ್‌ಸ್ಟರ್ ಮೂಲೆಯಲ್ಲಿ ಸುಮ್ನೆ ಕೂತುಬಿಟ್ಟಿತು. 8ನೇ ಮಣಿ ಬದಲಿಸಿದ್ದಕ್ಕೇ ಹೀಗೆ ಅಂತ ಖುಷಿಯಲ್ಲಿ ಬರೆದುಕೊಂಡೆ. ಮೂಲ ಹಾರ್ಮೋನಿನ ಹಳೇ ಟ್ಯೂಬೂ ಅಷ್ಟೇ ಸಪ್ಪೆ ಅಂತ ಗೊತ್ತಾಗಿದ್ದು ಆಮೇಲೆ. ಈಗ ಒಂದೊಂದು ಸಲಕ್ಕೆ ಬೇಕಾದಷ್ಟನ್ನೇ ಪುಟ್ಟ ಟ್ಯೂಬುಗಳಿಗೆ ಹಂಚಿ, ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇನೆ.

ಇನ್ನೊಂದು ಬಲೆ ಇದೆ. ನಡವಳಿಕೆ ಜಾಸ್ತಿಯಾದರೆ ಹಾರ್ಮೋನು ರಿಸೆಪ್ಟರಿಗೆ, ಅಂದರೆ ಜೀವಕೋಶದ ಮೇಲಿನ ಆ ಬೀಗಕ್ಕೆ, ಚೆನ್ನಾಗಿ ಕೂತಿದೆ ಅಂತಲೇ ಅಲ್ಲ, ಬೇಗ ಒಡೆಯದೇ ಉಳಿದಿರಲೂಬಹುದು ಅಲ್ವಾ? ಡೆಸ್ಮೊಪ್ರೆಸಿನ್ ನೋಡಿ. ವಾಸೊಪ್ರೆಸಿನ್‌ನ 1ನೇ ಮಣಿಯ ಅಮೈನೋ ಗುಂಪು ತೆಗೆದು, 8ನೇ ಆರ್ಜಿನಿನ್‌ನ ಕನ್ನಡಿ ರೂಪ ಹಾಕಿದ್ದು. ರಕ್ತದಲ್ಲಿ ಎಷ್ಟೋ ಜಾಸ್ತಿ ಹೊತ್ತು ಉಳಿಯುತ್ತದೆ, ರಿಸೆಪ್ಟರ್ ಆಯ್ಕೆಯೂ ಬೇರೆ. ಹಾಗಾಗಿ 10 ನಿಮಿಷಕ್ಕೇ ಎದ್ದು ಹೋಗಬೇಡಿ, ಒಂದು ಗಂಟೆಯ ನಂತರವೂ ಎಣಿಸಿ. ಪ್ರಾಣಿಯನ್ನು ಖಾಲಿ ಪೆಟ್ಟಿಗೆಯಲ್ಲಿ ಬಿಟ್ಟು ಓಡಾಟವನ್ನೂ ಅಳೆಯಿರಿ. ಮಂಕಾದ ಪ್ರಾಣಿ ಏನನ್ನೂ ಉಜ್ಜುವುದಿಲ್ಲ.

ಸಿರಿಂಜಿನ ಚೀಟಿ ಬೇರೆಯವರು ಅಂಟಿಸಲಿ. ಗೀಟುಗಳನ್ನು ಕೂಡಿ ಮುಗಿಸುವ ತನಕ ಯಾವುದು ಯಾವುದೆಂದು ಕೇಳಬೇಡಿ.