ಗೂಡು ಬಿಟ್ಟ ಶಿಕ್ರಾ ಮರಿಗಳ ಬೆನ್ನು ಹತ್ತಿ

ಯುರೋಪು, ಅಮೆರಿಕದ ನಗರಗಳಲ್ಲಿ ಎತ್ತರದ ಕಟ್ಟಡಗಳ ಮೇಲೆ ಹುಟ್ಟುವ ಪೆರೆಗ್ರಿನ್ ಫಾಲ್ಕನ್ ಎಂಬ ಬೇಟೆಹಕ್ಕಿಯ ಮರಿಗಳಿಗೆ, ಅವು ಹಾರುವ ಮೊದಲೇ, ಅಕ್ಷರ ಕೊರೆದ ಬಣ್ಣದ ಕಾಲುಂಗುರ ತೊಡಿಸುವ ಪದ್ಧತಿಯಿದೆ. ಆ ಮರಿ ಮುಂದೆ ಬೇರೊಂದು ಊರಿನಲ್ಲಿ ಗೂಡು ಹೂಡಿದರೂ ದೂರದರ್ಶಕದಿಂದ ಉಂಗುರವನ್ನು ಓದಿ ಅದು ಎಲ್ಲಿ ಹುಟ್ಟಿದ್ದೆಂದು ಹೇಳಬಹುದು. ಪೆರೆಗ್ರಿನ್‌ನ ನಮ್ಮ ಕಡೆಯ ಉಪಜಾತಿಯಾದ ಶಾಹೀನ್ ಘಟ್ಟದ ಕಡಿದಾದ ಬಂಡೆಗಳನ್ನು ನೆಚ್ಚಿಕೊಂಡ ಹಕ್ಕಿ. ಹಾಗಾಗಿ, ಗೂಡು ಬಿಟ್ಟ ಮರಿಗಳಲ್ಲಿ ಎಷ್ಟು ಬದುಕುಳಿಯುತ್ತವೆಂದು ನೋಡಲು ಶಿವಮೊಗ್ಗದ ಬಡಾವಣೆಯೊಳಗೇ ಸಂಸಾರ ಹೂಡುವ ಶಿಕ್ರಾ ಗಿಡುಗವನ್ನು ನಾನು ಆರಿಸಿಕೊಂಡೆ. ಉಂಗುರ ತೊಡಿಸಲು ಪರವಾನಗಿಯೂ ತರಬೇತಿಯೂ ಬೇಕು. ನನ್ನಲ್ಲಿದ್ದದ್ದು ದುರ್ಬೀನು ಮತ್ತು ನೋಟ್‌ಬುಕ್ ಮಾತ್ರ.

ಗೂಡು ಇದ್ದದ್ದು ವಿನೋಬನಗರದ ಒಂದು ಮನೆಯ ಹಿತ್ತಲಿನ ಹಳೆಯ ಮಾವಿನ ಮರದಲ್ಲಿ. ಕಾಗೆಯ ಗೂಡಿನಂತೆಯೇ ಕಾಣುವ ಕಡ್ಡಿಗಳ ಆ ಗೂಡಿನಲ್ಲಿ ಮೂರು ಮರಿಗಳಿದ್ದವು. ಮೇ ತಿಂಗಳಲ್ಲಿ ಅವು ಹೊರಬಂದವು. ಹೊರಬರುವುದೆಂದರೆ ಹಾರಿಹೋಗುವುದಲ್ಲ, ಮೊದಲು ಪಕ್ಕದ ಕೊಂಬೆಗಳಿಗೆ ಜಿಗಿಯುತ್ತವೆ, ತಾಯಿ ಊಟ ತಂದಾಗ ಮತ್ತೆ ಗೂಡಿಗೇ ಓಡಿಬರುತ್ತವೆ. ಈ ಹಂತದಲ್ಲಿ ಅವುಗಳ ಬಾಲ ಇನ್ನೂ ಮೋಟಾಗಿರುತ್ತದೆ. ಬಾಲದ ಗರಿಗಳು ಪೂರ್ಣ ಬೆಳೆಯಲು ಇನ್ನೂ ಕೆಲವು ವಾರ ಬೇಕು, ಮತ್ತು ಈ ಸಣ್ಣ ಸಂಗತಿಯೇ ಮುಂದೆ ನನ್ನ ಇಡೀ ಲೆಕ್ಕಾಚಾರಕ್ಕೆ ಆಧಾರವಾಯಿತು.

ಮಾವಿನ ಎಲೆಗಳ ದಟ್ಟಣೆಯಲ್ಲಿ ಕಂದು ಬಣ್ಣದ ಮರಿಯನ್ನು ಕಣ್ಣಿನಿಂದ ಹುಡುಕುವುದಕ್ಕಿಂತ ಕಿವಿಯಿಂದ ಹುಡುಕುವುದು ಸುಲಭ. ಹಸಿದ ಮರಿ ಒಂದೇ ಸಮನೆ ಕೀರಲು ದನಿಯಲ್ಲಿ ಕೂಗುತ್ತದೆ, ಹೊಟ್ಟೆ ತುಂಬಿದ ಮೇಲೆ ಸುಮ್ಮನಾಗುತ್ತದೆ. ಆದ್ದರಿಂದ ಬೆಳಗಿನ ಮೊದಲ ಊಟಕ್ಕೆ ಮುಂಚೆಯೇ ಹೋಗಿ, ಎಷ್ಟು ಕಡೆಯಿಂದ ಕೂಗು ಬರುತ್ತಿದೆಯೆಂದು ಎಣಿಸುತ್ತಿದ್ದೆ. ಕಾಜಾಣವು ಶಿಕ್ರಾದ ಕೂಗನ್ನು ಅಣಕಿಸುವುದರಲ್ಲಿ ನಿಸ್ಸೀಮ, ಹಾಗಾಗಿ ಹಕ್ಕಿಯನ್ನು ಕಣ್ಣಾರೆ ಕಾಣದೆ ಯಾವ ಕೂಗನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಕಾಗೆ, ಪಿಕಳಾರ, ಅಳಿಲುಗಳು ಒಟ್ಟಾಗಿ ಗಲಾಟೆ ಎಬ್ಬಿಸುವ ಕಡೆ ನೋಡಿದರೆ ಅಲ್ಲೊಂದು ಮರಿ ಇರುವ ಸಾಧ್ಯತೆ ಹೆಚ್ಚು.

ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಲೇಬೇಕಿತ್ತು. ಬಲಿತ ಶಿಕ್ರಾದ ಎದೆಯ ಮೇಲೆ ಅಡ್ಡಪಟ್ಟಿಗಳಿದ್ದರೆ ಮರಿಯ ಎದೆಯ ಮೇಲೆ ಉದ್ದುದ್ದ ಗೆರೆಗಳೂ ಹನಿಗಳೂ ಇರುತ್ತವೆ. ಅವುಗಳ ವಿನ್ಯಾಸ ಮರಿಯಿಂದ ಮರಿಗೆ ಬದಲಾಗುವುದರಿಂದ ಪ್ರತಿಯೊಂದರ ಎದೆಯ ಚಿತ್ರವನ್ನು ಬರೆದಿಟ್ಟುಕೊಂಡೆ. ಈ ಜಾತಿಯಲ್ಲಿ ಹೆಣ್ಣೇ ದೊಡ್ಡದು. ಗಾತ್ರವೂ ಸುಳಿವು ಕೊಟ್ಟಿತು. ಆದರೂ ಉಂಗುರದ ಖಚಿತತೆ ಇದಕ್ಕಿಲ್ಲ. ಮರಿ ಆ ಹಿತ್ತಲಿನ ಸುತ್ತಮುತ್ತ ಇರುವವರೆಗೆ ಮಾತ್ರ ಇಂಥ ಗುರುತು ನಂಬಿಕೆಗೆ ಅರ್ಹ.

ಮುಂಗಾರಿಗೆ ಮುಂಚಿನ ಗುಡುಗು ಮಳೆಯೊಂದರಲ್ಲಿ ಚಿಕ್ಕ ಮರಿ ನೆಲಕ್ಕೆ ಬಿತ್ತು. ಮನೆಯ ಅಜ್ಜಿ, "ಅದರ ಅಮ್ಮ ಬಿಟ್ಟು ಹೋಗಿದೆ ಕಣೋ, ಒಳಗೆ ತಂದು ಹಾಲನ್ನ ಹಾಕ್ತೀನಿ" ಎಂದರು. ಬೇಟೆಹಕ್ಕಿಯ ಮರಿಗೆ ಹಾಲನ್ನ ಆಹಾರವಲ್ಲ. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಸಾಕುವಂತೆಯೂ ಇಲ್ಲ. ಗಾಯವೇನಾದರೂ ಆಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕಿತ್ತು. ಗಾಯವಿಲ್ಲದ್ದರಿಂದ ಬಟ್ಟೆಯಲ್ಲಿ ಹಿಡಿದು ಅದೇ ಮರದ ಕೊಂಬೆಯ ಮೇಲೆ ಕೂರಿಸಿ, ನಾಯಿಯನ್ನು ಕಟ್ಟಿಹಾಕಿಸಿ, ದೂರ ನಿಂತು ಕಾದೆವು. ಕತ್ತಲಾಗುವ ಮೊದಲೇ ತಾಯಿ ಓತಿಕ್ಯಾತವೊಂದನ್ನು ತಂದಿತು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಅದಕ್ಕೆ ಆಧಾರವಿಲ್ಲ.

ಇನ್ನೊಂದು ಮರಿಯ ಕೂಗು ಒಂದು ಬೆಳಿಗ್ಗೆ ಕೇಳಲಿಲ್ಲ. ಕೂಗು ನಿಂತಾಗ ಮರದ ಮೇಲೆ ನೋಡುವುದರ ಜೊತೆಗೆ ನೆಲವನ್ನೂ ಹುಡುಕಬೇಕು. ಕಾಂಪೌಂಡಿನ ಮೂಲೆಯಲ್ಲಿ ಕಂದು ಗರಿಗಳು ಚೆಲ್ಲಿದ್ದವು. ಬೇಟೆಹಕ್ಕಿ ಗರಿಯನ್ನು ಕಿತ್ತರೆ ದಂಟು ಸಾಮಾನ್ಯವಾಗಿ ಬುಡದವರೆಗೆ ಪೂರ್ತಿಯಾಗಿ ಬರುತ್ತದೆ. ಬೆಕ್ಕಿನಂಥ ಪ್ರಾಣಿ ಹಲ್ಲಿನಿಂದ ಕತ್ತರಿಸಿದರೆ ದಂಟು ಅಡ್ಡಲಾಗಿ ತುಂಡಾಗಿ, ಜಗಿದಂತೆ ಇರುತ್ತದೆ. ಅಲ್ಲಿದ್ದವು ತುಂಡಾದ ದಂಟುಗಳು. ಬೀದಿಯಲ್ಲಿ ಬೆಕ್ಕುಗಳಿಗೆ ಕೊರತೆಯಿರಲಿಲ್ಲವಾದರೂ ಕೊಂದದ್ದೂ ಬೆಕ್ಕೇ ಎಂದು ನಾನು ಬರೆಯಲಿಲ್ಲ, ಸತ್ತು ಬಿದ್ದದ್ದನ್ನು ತಿಂದಿರಲೂಬಹುದು. "ಸಾವು, ಗರಿಗಳು ಸಿಕ್ಕಿವೆ, ತಿಂದದ್ದು ಪ್ರಾಣಿ" ಎಂದಷ್ಟೇ ದಾಖಲಿಸಿದೆ.

ಉಳಿದೆರಡೂ ಜೂನ್‌ನ ಮಳೆಯಲ್ಲಿ ಬೇಟೆ ಕಲಿತವು. ಮೊದಲ ಮಳೆಗೆ ಏಳುವ ರೆಕ್ಕೆಗೆದ್ದಲುಗಳನ್ನು ಹಿಡಿಯಲು ಎಡವುತ್ತಲೇ ಹಾರುತ್ತಿದ್ದವು. ಓತಿಕ್ಯಾತ ಮಾತ್ರ ಬಹುಕಾಲ ಅವುಗಳ ಕೈಗೆ ಸಿಗಲಿಲ್ಲ. ಬಿದ್ದೆದ್ದ ಚಿಕ್ಕ ಮರಿ, ಬಾಲ ಇನ್ನೂ ಅರ್ಧ ಬೆಳೆದಿದ್ದಾಗ ಕಾಣೆಯಾಯಿತು. ಗರಿಯೂ ಸಿಗಲಿಲ್ಲ. ಅಂಥ ಬಾಲದ ಮರಿ ತಂದೆತಾಯಿಯ ಊಟವಿಲ್ಲದೆ ಬದುಕುವುದು ಕಷ್ಟ, ಹಾಗಾಗಿ ಅದು "ಬಹುಶಃ ಸಾವು" ಎಂಬ ಸಾಲಿಗೆ ಸೇರಿತು. ದೊಡ್ಡದು ಹೋದದ್ದು ಬಾಲ ಪೂರ್ಣ ಬೆಳೆದು, ಊಟಕ್ಕಾಗಿ ಕೂಗುವುದನ್ನು ನಿಲ್ಲಿಸಿದ ಮೇಲೆ, ಅದು "ಹೊರಟುಹೋಗಿದೆ". ಎರಡೂ ಕಣ್ಮರೆಗಳೇ ಆದರೂ ಒಂದೇ ಹೆಸರಿನಡಿ ಸೇರಿಸಿದರೆ ಬದುಕುಳಿದವುಗಳ ಲೆಕ್ಕ ತಪ್ಪುತ್ತದೆ.

ಮಳೆಗಾಲ ಕಳೆದ ಮೇಲೆ ಗೋಪಾಳದ ಬಳಿ ಎದೆಗೆರೆಯಿದ್ದ ಎಳೆಯ ಶಿಕ್ರಾ ಒಂದು ಕಂಡಿತು. ಗೆಳೆಯರು ಅದನ್ನು ನಮ್ಮ ಮರಿಯೆಂದೇ ಬರೆಯಲು ಒತ್ತಾಯಿಸಿದರು. ಉಂಗುರವಿಲ್ಲದ ಹಕ್ಕಿಯಾದ್ದರಿಂದ ಹೊಸ ಪುಟದಲ್ಲಿ, ಬೇರೆ ಹಕ್ಕಿಯಾಗಿಯೇ ಬರೆದುಕೊಂಡೆ.