ಆರ್ಮಾ 3: ಗಡಿಯಾರ ನೋಡಿ ನಡೆಯುವ ರಾತ್ರಿ ಮಿಷನ್ ಕಟ್ಟಿದ ಬಗೆ

ಗೆಳೆಯರ ಜೊತೆ ಆಡಲು ಆರ್ಮಾ 3 ಅನ್ನುವ ಸೇನಾ ಕಂಪ್ಯೂಟರ್ ಆಟದಲ್ಲಿ ನಾನೇ ಮಿಷನ್ ಮಾಡುತ್ತೇನೆ. ಆಡುವುದಕ್ಕಿಂತ ಮಿಷನ್ ಕಟ್ಟುವ ಈಡನ್ ಎಡಿಟರ್‌ನಲ್ಲೇ ಜಾಸ್ತಿ ಹೊತ್ತು ಕಳೆಯುತ್ತೇನೆ ಅಂದರೂ ನಡೆಯುತ್ತದೆ. ಇಲ್ಲಿ ಹೇಳುತ್ತಿರುವುದು ಆಲ್ಟಿಸ್ ನಕ್ಷೆಯ ಒಂದು ರಾತ್ರಿ ಮಿಷನ್ ಬಗ್ಗೆ. ಆಲ್ಟಿಸ್ ಅಂದರೆ ಗ್ರೀಸ್‌ನ ಲೆಮ್ನೋಸ್ ದ್ವೀಪ ನೋಡಿ ಮಾಡಿದ ನಕ್ಷೆ.

ಕಥೆ ಸುಲಭ. ರಾತ್ರಿ 10ಕ್ಕೆ ನಮ್ಮ ತಂಡ ದಡ ಹತ್ತುತ್ತದೆ. 11ಕ್ಕೆ ಜರೋಸ್ ಊರಿನಿಂದ ಶತ್ರುಗಳ ಟ್ರಕ್‌ಗಳು ಕವಾಲಾ ಊರಿನ ಕಡೆ ಹೊರಡುತ್ತವೆ. ಬೆಳಗಿನ ಜಾವ 4:30ಕ್ಕೆ ಹೆಲಿಕಾಪ್ಟರ್ ಬಂದು ನಮ್ಮನ್ನು ಕರೆದೊಯ್ಯುತ್ತದೆ. ಆರೂವರೆ ಗಂಟೆ ಕೂತು ಆಡುವವರು ಯಾರಿದ್ದಾರೆ? ಅದಕ್ಕೇ ಆಟದ ಹೊತ್ತನ್ನು ಎಷ್ಟು ಪಟ್ಟು ಓಡಿಸಬೇಕು ಅಂತ ಹೇಳುವ ಸೆಟ್‌ಟೈಮ್‌ಮಲ್ಟಿಪ್ಲೈಯರ್‌ಗೆ 12 ಕೊಟ್ಟೆ. 0.1ರಿಂದ 120ರವರೆಗೆ ಏನು ಬೇಕಾದರೂ ಕೊಡಬಹುದು. 12 ಕೊಟ್ಟರೆ ಆಟದ ಒಂದು ಗಂಟೆ ನಮಗೆ 5 ನಿಮಿಷ. ಇಡೀ ರಾತ್ರಿ ಮೂವತ್ತೆರಡೂವರೆ ನಿಮಿಷದಲ್ಲಿ ಮುಗಿಯುತ್ತದೆ.

ತಲೆನೋವು ಶುರುವಾಗುವುದೇ ಇಲ್ಲಿಂದ. ಆರ್ಮಾದಲ್ಲಿ ಗಡಿಯಾರ ಒಂದಲ್ಲ, ಎರಡು. ಡೇಟೈಮ್ ತೋರಿಸುವುದು ಆಟದ ಲೋಕದ ಹೊತ್ತು, 0ರಿಂದ 24ರವರೆಗೆ. 4:30 ಅಂದರೆ 4.5. ಟೈಮ್ ತೋರಿಸುವುದು ಮಿಷನ್ ಶುರುವಾಗಿ ಎಷ್ಟು ಸೆಕೆಂಡ್ ಆಯಿತು ಅಂತ. ಒಂದು ಮುಹೂರ್ತ ಇಟ್ಟ ಹಾಗೆ, ಇನ್ನೊಂದು ಕುಕ್ಕರ್ ಇಟ್ಟು ಸೀಟಿ ಎಣಿಸಿದ ಹಾಗೆ. ಮಲ್ಟಿಪ್ಲೈಯರ್ ಓಡಿಸುವುದು ಮೊದಲನೆಯದನ್ನು ಮಾತ್ರ. ಸ್ಕ್ರಿಪ್ಟ್‌ನಲ್ಲಿ ಸ್ಲೀಪ್ 60, ಅಂದರೆ 60 ಸೆಕೆಂಡ್ ಕಾಯಿ, ಅಂತ ಬರೆದರೆ ನಿಮ್ಮ ಕೈಗಡಿಯಾರದ ಒಂದು ನಿಮಿಷವೇ ಹೋಗುತ್ತದೆ. ಅಷ್ಟರಲ್ಲಿ ಆಟದಲ್ಲಿ 12 ನಿಮಿಷ ಆಗಿರುತ್ತದೆ.

ಟ್ರಕ್‌ಗಳೂ ಅಷ್ಟೇ. ಚಂದ್ರ ಓಡುತ್ತಾನೆ, ಟ್ರಕ್ ತನ್ನ ಪಾಡಿಗೆ ಮಾಮೂಲಿ ವೇಗದಲ್ಲೇ ಹೋಗುತ್ತದೆ. ಜರೋಸ್‌ನಿಂದ ಕವಾಲಾಕ್ಕೆ ನಿಜವಾದ ಹತ್ತು ನಿಮಿಷ ಹಿಡಿದರೆ ಆಟದಲ್ಲಿ ಎರಡು ಗಂಟೆ. 11ಕ್ಕೆ ಹೊರಟವು 1ಕ್ಕೆ ಮುಟ್ಟುತ್ತವೆ. ಹಾಗಾಗಿ ಆಟಗಾರರಿಗೆ ಮೊದಲೇ ತೋರಿಸುವ ಬ್ರೀಫಿಂಗ್‌ನಲ್ಲಿ 'ಒಂದು ಗಂಟೆ ಸುಮಾರಿಗೆ ಕವಾಲಾ' ಅಂತಲೇ ಬರೆದೆ. ಮೊದಲು ಟ್ರಕ್‌ಗಳನ್ನು ಸುಮ್ನೆ ಓಡಿಸಿ ಹೊತ್ತು ನೋಡಿಕೊಳ್ಳಿ, ಬ್ರೀಫಿಂಗ್ ಆಮೇಲೆ ಬರೆಯಿರಿ.

ಟ್ರಕ್‌ಗಳಿಗೆ ಹೋಲ್ಡ್ ವೇಪಾಯಿಂಟ್ (ಬಿಡಿಸುವ ತನಕ ಅಲ್ಲೇ ನಿಲ್ಲು ಅನ್ನುವ ದಾರಿಗುರುತು) ಕೊಟ್ಟು ನಿಲ್ಲಿಸಿದೆ. ಅದನ್ನು ಬಿಡಿಸಲು ಸ್ಕಿಪ್ ವೇಪಾಯಿಂಟ್ ಟ್ರಿಗರ್. ಟ್ರಿಗರ್ ಅಂದರೆ ಷರತ್ತು ಹೊಂದಿದ ಕೂಡಲೇ ಕೊಟ್ಟ ಕೆಲಸ ಶುರು ಮಾಡುವಂಥದ್ದು. ಅದರ ಕಂಡಿಷನ್ ಡೇಟೈಮ್ >= 23, ಅಂದರೆ 23 ಅಥವಾ ಅದಕ್ಕಿಂತ ಹೆಚ್ಚು. ಇಲ್ಲಿ == (ಸರಿಸಮ) ಹಾಕಿದರೆ ಟ್ರಕ್ ಅಲ್ಲಾಡುವುದೇ ಇಲ್ಲ. ಟ್ರಿಗರ್ ಅರ್ಧ ಸೆಕೆಂಡಿಗೊಮ್ಮೆ ಕಣ್ಣು ಬಿಟ್ಟು ನೋಡುತ್ತದೆ. 12ರ ವೇಗದಲ್ಲಿ ಅಷ್ಟರೊಳಗೆ ಆಟದ 6 ಸೆಕೆಂಡ್ ಜಾರಿರುತ್ತದೆ. ಸರಿಯಾಗಿ 23 ಅದರ ಕಣ್ಣಿಗೆ ಬೀಳುವುದು ಅದೃಷ್ಟ ಇದ್ದರೆ ಮಾತ್ರ.

ಹೆಲಿಕಾಪ್ಟರ್‌ನ ಕಥೆ ಬೇರೆ. ಡೇಟೈಮ್ >= 4.5 ಅಂತ ಬರೆದರೆ ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ಮಿಷನ್ ಶುರುವಾಗುವಾಗ ಹೊತ್ತು 22. ಅದು 4.5ಕ್ಕಿಂತ ದೊಡ್ಡದೇ. ತಂಡ ದಡಕ್ಕೆ ಕಾಲಿಡುವ ಹೊತ್ತಿಗೆ ಹೆಲಿಕಾಪ್ಟರ್ ತಲೆ ಮೇಲೆ ಹಾಜರ್! ಅದಕ್ಕೆ ಡೇಟೈಮ್ < 12 (12ಕ್ಕಿಂತ ಕಡಿಮೆ) ಅಂತ ಇನ್ನೊಂದು ಷರತ್ತು ಸೇರಿಸಬೇಕು. ನಡುರಾತ್ರಿ ದಾಟುವ ಯಾವ ಮಿಷನ್‌ಗೂ ಈ ಎರಡನೇ ಬೇಲಿ ಬೇಕೇ ಬೇಕು.

ಟ್ರಿಗರ್‌ನಲ್ಲೇ ಎರಡು ಥರದ ಕಾಯುವಿಕೆ ಇದೆ. ಕೌಂಟ್‌ಡೌನ್ ಒಮ್ಮೆ ಶುರುವಾದರೆ ಆಮೇಲೆ ಷರತ್ತು ತಪ್ಪಿದರೂ ನಿಲ್ಲುವುದಿಲ್ಲ. ಈ ಮಿಷನ್‌ನಲ್ಲಿ ಹೊತ್ತಿಟ್ಟ ಬಾಂಬೂ ಒಂದಿದೆ, ಅದಕ್ಕೆ ಇದೇ ಸರಿ. ಟೈಮ್‌ಔಟ್ ಹಾಗಲ್ಲ, ಷರತ್ತು ಪೂರ್ತಿ ಹೊತ್ತು ನಿಂತಿರಬೇಕು. ರೇಡಿಯೋ ಟವರ್ ಬಳಿ ಎರಡು ನಿಮಿಷ ಹಿಡಿದು ನಿಲ್ಲಿ ಅನ್ನುವಾಗ ಇದನ್ನೇ ಹಾಕಿದೆ. ನಡುವೆ ಜಾಗ ಖಾಲಿಯಾದರೆ ಎಣಿಕೆ ಮತ್ತೆ ಮೊದಲಿಂದ. ಕನಿಷ್ಠ, ನಡು, ಗರಿಷ್ಠ ಅಂತ ಮೂರು ಖಾನೆ ಇವೆ. ಕರಾರುವಾಕ್ಕಾದ ಹೊತ್ತು ಬೇಕಿದ್ದರೆ ಮೂರಕ್ಕೂ ಒಂದೇ ಸಂಖ್ಯೆ ತುಂಬಿ.

ಬಾಂಬಿಗೆ ಪರದೆ ಮೇಲೆ ಓಡುವ ಟೈಮರ್ ಬೇಕಿತ್ತು. ಟ್ರಿಗರ್‌ನ ಆನ್ ಆಕ್ಟಿವೇಷನ್ ಖಾನೆಯಲ್ಲಿ ನೇರವಾಗಿ ಸ್ಲೀಪ್ ಬರೆದರೆ ಎರರ್ ಬರುತ್ತದೆ. ಕೋಡನ್ನು ಬೇರೆ ಸ್ಕ್ರಿಪ್ಟ್ ಆಗಿ ಪಕ್ಕದಲ್ಲಿ ಓಡಿಸುವ ಸ್ಪಾನ್ ಒಳಗೆ ಹಾಕಿದರೆ ಸರಿ. ಜಾಸ್ತಿ ಜನ ಒಂದು ಸೆಕೆಂಡ್ ಸ್ಲೀಪ್ ಮಾಡಿ, 600ರಿಂದ (ಹತ್ತು ನಿಮಿಷದ ಸೆಕೆಂಡ್‌ಗಳು) ಒಂದೊಂದೇ ಕಳೆಯುತ್ತಾರೆ. ನನಗೆ ಆ ದಾರಿ ಹಿಡಿಸುವುದಿಲ್ಲ. ಹೀಗೆ ಸ್ಪಾನ್ ಆದ ಸ್ಕ್ರಿಪ್ಟ್‌ಗಳಿಗೆಲ್ಲ ಸೇರಿ ಒಂದು ಫ್ರೇಮ್‌ನಲ್ಲಿ (ಪರದೆಯ ಒಂದು ಚಿತ್ರ ಮೂಡುವಷ್ಟರಲ್ಲಿ) ಸಿಗುವುದು ಸುಮಾರು 3 ಮಿಲಿಸೆಕೆಂಡ್. ಸ್ಕ್ರಿಪ್ಟ್‌ಗಳು ಜಾಸ್ತಿಯಾದಾಗ ಸ್ಲೀಪ್ 1 ಅನ್ನುವುದು ಒಂದೂಕಾಲು ಸೆಕೆಂಡೂ ಆಗಬಹುದು. ಹತ್ತು ನಿಮಿಷದ ಟೈಮರ್ ಎಲ್ಲಿಗೋ ಹೋಗಿ ನಿಲ್ಲುತ್ತದೆ. ಬದಲಿಗೆ ಶುರುವಿನಲ್ಲೇ 'ಮುಗಿಯುವುದು = ಈಗಿನ ಹೊತ್ತು + 600' ಅಂತ ಒಂದು ವೇರಿಯಬಲ್‌ನಲ್ಲಿ ಇಟ್ಟೆ. ಲೂಪ್ ಪ್ರತಿ ಸಲ ಅದರಿಂದ ಈಗಿನ ಹೊತ್ತು ಕಳೆದು ತೋರಿಸುತ್ತದೆ. ಲೂಪ್ ಎಡವಿದರೂ ಲೆಕ್ಕ ಎಡವುವುದಿಲ್ಲ. ಎಲ್ಲರ ಪರದೆಯಲ್ಲೂ ಒಂದೇ ತೋರಬೇಕು ಅಂತ 'ಈಗಿನ ಹೊತ್ತಿಗೆ' ಸರ್ವರ್‌ಟೈಮ್, ಅಂದರೆ ಆಟ ನಡೆಸುವ ಸರ್ವರ್‌ನ ಗಡಿಯಾರ, ಹಿಡಿದೆ.

ಜೊತೆಯಾಗಿ ಆಡುವಾಗ ಇನ್ನೊಂದು ಮಜಾ ಇದೆ. ಎಡಿಟರ್‌ನಲ್ಲಿ ಇಟ್ಟ ಟ್ರಿಗರ್ ಎಲ್ಲರ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಹೆಲಿಕಾಪ್ಟರ್ ಹುಟ್ಟಿಸುವ ಸಾಲು ಅದರಲ್ಲಿದ್ದರೆ ಆರು ಜನರ ಆಟದಲ್ಲಿ ಒಂದೇ ಜಾಗದಲ್ಲಿ ಆರು ಹೆಲಿಕಾಪ್ಟರ್. ಆಮೇಲಿನದು ಹೇಳಬೇಕಿಲ್ಲ. ಟ್ರಿಗರ್‌ನಲ್ಲಿ ಸರ್ವರ್ ಓನ್ಲಿ ಅನ್ನುವ ಟಿಕ್ ಹಾಕಿದರೆ ಮುಗಿಯಿತು.

ಪರೀಕ್ಷಿಸಲು ಡೀಬಗ್ ಕನ್ಸೋಲ್‌ನಲ್ಲಿ (ಆಟ ನಡೆಯುವಾಗಲೇ ಆದೇಶ ಬರೆಯುವ ಕಿಟಕಿ) ಸ್ಕಿಪ್‌ಟೈಮ್ 6 ಕೊಟ್ಟರೆ ಆರು ಗಂಟೆ ಒಂದೇ ಏಟಿಗೆ ಹಾರುತ್ತದೆ. ಡೇಟೈಮ್ ನಂಬಿದ ಘಟನೆಗಳಲ್ಲಿ ಹಾರಿ ಮುಟ್ಟಿದ ಹೊತ್ತಿಗೆ ಷರತ್ತು ಹೊಂದುವವು ತಕ್ಷಣ ಎದ್ದು ನಿಲ್ಲುತ್ತವೆ. ಸ್ಲೀಪ್, ಸರ್ವರ್‌ಟೈಮ್ ನಂಬಿದವು ಮಾತ್ರ ಕದಲುವುದಿಲ್ಲ. ಹಾಗಾಗಿ ಬಾಂಬಿನ 600ನ್ನು ಕೋಡ್ ಒಳಗೆ ಹುದುಗಿಸದೆ ಮಿಷನ್ ಶುರುವಿನಲ್ಲೇ ಓಡುವ ಇನಿಟ್ ಫೈಲ್‌ನಲ್ಲಿ ಒಂದು ವೇರಿಯಬಲ್ ಮಾಡಿ ಇಟ್ಟಿದ್ದೇನೆ. ಪರೀಕ್ಷೆಗೆ 20, ಗೆಳೆಯರಿಗೆ ಕೊಡುವ ಮುಂಚೆ ಮತ್ತೆ 600. ರೇಡಿಯೋ ಮಾತುಗಳ ನಡುವಿನ ಎರಡು ಮೂರು ಸೆಕೆಂಡಿಗೆ ಮಾತ್ರ ಈಗಲೂ ಬರೀ ಸ್ಲೀಪ್ ಹಾಕುತ್ತೇನೆ. ಅಲ್ಲಿ ಕಾಲು ಸೆಕೆಂಡ್ ಆಚೀಚೆ ಆದರೆ ಯಾರೂ ಕೇಳುವುದಿಲ್ಲ.