ಎರವಲು ಒಡವೆ ಮತ್ತು 257ನೆಯ ‘ಕ’

ಕನ್ನಡ ಪಠ್ಯದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸುವುದು ಮೇಲ್ನೋಟಕ್ಕೆ ಸುಲಭದ ಕೆಲಸ. ಆದರೆ ‘ಸ್ತ್ರೀ’ ಎಂಬುದು ಕಂಪ್ಯೂಟರಿಗೆ ಒಂದು ಅಕ್ಷರವಲ್ಲ, ಆರು ಸಂಕೇತಗಳ ಸಾಲು. ಅವನ್ನು ಒಟ್ಟುಗೂಡಿಸಿ ಎಣಿಸುತ್ತಿದ್ದ ನನ್ನ ಪೈಥಾನ್ ಪ್ರೋಗ್ರಾಂ ತೀರಾ ನಿಧಾನವಾಗಿತ್ತು. ಒಳಗಿನ ಲೂಪನ್ನಷ್ಟೇ ಸಿ ಭಾಷೆಯಲ್ಲಿ ಬರೆದು ಪೈಥಾನ್ 3.12ಕ್ಕೆ ಜೋಡಿಸಿದೆ. ಎಲ್ಲ ಸೇರಿ ಇನ್ನೂರು ಸಾಲು ಕೂಡ ಆಗಲಿಲ್ಲ. ಅದರಲ್ಲಿ ನಾಲ್ಕು ಸಾಲು ನನ್ನ ಎರಡು ವಾರ ತಿಂದವು.

ಸಿಪೈಥಾನ್‌ನಲ್ಲಿ (ಸಿ ಭಾಷೆಯಲ್ಲಿ ಬರೆದ, ಎಲ್ಲರೂ ಬಳಸುವ ಪೈಥಾನ್ ಇದೇ) ಪ್ರತಿಯೊಂದು ವಸ್ತುವಿನ ತಲೆಯ ಮೇಲೂ ಒಂದು ಸಂಖ್ಯೆ ಇರುತ್ತದೆ: ತನ್ನನ್ನು ಎಷ್ಟು ಕೈಗಳು ಹಿಡಿದುಕೊಂಡಿವೆ ಎಂಬ ಲೆಕ್ಕ. ಹಿಡಿದವರು ‘ಇನ್‌ಕ್ರೆಫ್’ ಬರೆದು ಅದನ್ನು ಏರಿಸಬೇಕು, ಬಿಟ್ಟವರು ‘ಡೆಕ್ರೆಫ್’ ಬರೆದು ಇಳಿಸಬೇಕು. ಸೊನ್ನೆ ಮುಟ್ಟಿದ ಕೂಡಲೇ ವಸ್ತು ಅಳಿಯುತ್ತದೆ. 1960ರಲ್ಲಿ ಜಾರ್ಜ್ ಕಾಲಿನ್ಸ್ ಪ್ರಕಟಿಸಿದ ಉಪಾಯವಿದು. ಪೈಥಾನ್‌ನಲ್ಲಷ್ಟೇ ಬರೆಯುವವರಿಗೆ ಈ ಲೆಕ್ಕ ಕಣ್ಣಿಗೇ ಬೀಳುವುದಿಲ್ಲ. ಸಿಗೆ ಇಳಿದರೆ ಖಾತೆ ಪುಸ್ತಕವನ್ನು ನಾವೇ ಬರೆಯಬೇಕು.

ಆ ನಾಲ್ಕು ಸಾಲುಗಳು ಇಷ್ಟೇ. ಪಠ್ಯದಿಂದ ಒಂದು ಅಕ್ಷರವನ್ನು ಹೊಸ ಸ್ಟ್ರಿಂಗ್ (ಪಠ್ಯದ ತುಂಡು) ಆಗಿ ಕತ್ತರಿಸು, ಡಿಕ್ಷನರಿಯಲ್ಲಿ (ಅಕ್ಷರಕ್ಕೆ ಎದುರಾಗಿ ಎಣಿಕೆ ಇಡುವ ಪಟ್ಟಿ) ಅದರ ಹಳೆಯ ಎಣಿಕೆ ನೋಡು, ಒಂದು ಕೂಡಿಸಿ ಹೊಸ ಸಂಖ್ಯೆ ಮಾಡು, ‘ಸೆಟ್‌ಐಟಮ್’ ಮೂಲಕ ಡಿಕ್ಷನರಿಗೆ ಹಾಕು. ಡೆಕ್ರೆಫ್ ಒಂದನ್ನೂ ಬರೆದಿರಲಿಲ್ಲ. ಡಿಕ್ಷನರಿಗೆ ಕೊಟ್ಟ ಮೇಲೆ ಅದರ ಯೋಗಕ್ಷೇಮ ಡಿಕ್ಷನರಿಯದು ಎಂದುಕೊಂಡಿದ್ದೆ.

ಚಿಕ್ಕ ಇಂಗ್ಲಿಷ್ ಪಠ್ಯವೊಂದನ್ನು ಕೊಟ್ಟು ಪರೀಕ್ಷಿಸಿದೆ. ಮೆಮೊರಿ ಅಲುಗಾಡಲಿಲ್ಲ. ಖುಷಿಯಿಂದ 50 ಲಕ್ಷ ಅಕ್ಷರಗಳ ಕನ್ನಡ ಕಡತವನ್ನು ಕೊಟ್ಟೆ. ಅದು ಮುಗಿಯುವ ಹೊತ್ತಿಗೆ ಮೆಮೊರಿ ಅರ್ಧ ಜಿಬಿಯ ಹತ್ತಿರಕ್ಕೆ ಏರಿತ್ತು. ಕನ್ನಡವೆಂದರೆ ಪೈಥಾನ್‌ಗೆ ಏನು ದ್ವೇಷವೋ ಎನ್ನಿಸಿತು. ಕಾರಣ ಬೇರೆಯೇ ಇತ್ತು. ಒಂದೇ ಅಕ್ಷರದ ಲ್ಯಾಟಿನ್ ಸ್ಟ್ರಿಂಗುಗಳನ್ನು ಸಿಪೈಥಾನ್ ಮೊದಲೇ ಮಾಡಿಟ್ಟುಕೊಂಡಿರುತ್ತದೆ. ಇಂಗ್ಲಿಷಿನ ‘ಎ’ ಕೇಳಿದಾಗಲೆಲ್ಲ ಅದೇ ಹಳೆಯ ‘ಎ’ಯನ್ನು ಕೊಡುತ್ತದೆ. ಕನ್ನಡದ ‘ಕ’ ಕೇಳಿದರೆ ಪ್ರತಿ ಸಲವೂ ಹೊಸದು. ಒಂದೊಂದಕ್ಕೂ 64 ಬೈಟ್, ನಾನು ಬಿಟ್ಟುಕೊಡದ ಕಾರಣ ಎಲ್ಲವೂ ಅನಾಥವಾಗಿ ಉಳಿದವು. ಡಿಕ್ಷನರಿ ತನಗೆ ಬೇಕಾದ ಎಣಿಕೆಯನ್ನು ತಾನೇ ಏರಿಸಿಕೊಳ್ಳುತ್ತದೆ. ನನ್ನ ಪಾಲನ್ನು ನಾನು ಇಳಿಸಬೇಕಿತ್ತು. (ಲಿಸ್ಟಿನ ‘ಸೆಟ್‌ಐಟಮ್’ ಮಾತ್ರ ನಮ್ಮ ಪಾಲನ್ನೂ ನುಂಗಿಬಿಡುತ್ತದೆ. ಹೆಸರು ಒಂದೇ, ನಡತೆ ಬೇರೆ. ಇದು ದಾಖಲೆಯಲ್ಲಿ ಸ್ಪಷ್ಟವಾಗಿಯೇ ಇದೆ. ಓದದೆ ಹೋದವನು ನಾನು.)

ಸ್ಟ್ರಿಂಗಿಗೆ ಡೆಕ್ರೆಫ್ ಹಾಕಿದೆ. ಸಣ್ಣ ಕನ್ನಡ ಕಡತದಲ್ಲಿ ಸೋರಿಕೆ ಪೂರ್ತಿ ನಿಂತಿತು. ದೊಡ್ಡದರಲ್ಲಿ ಇನ್ನೂ ಸೋರುತ್ತಿತ್ತು, ಅಕ್ಷರವೊಂದಕ್ಕೆ ಸುಮಾರು 32 ಬೈಟ್‌ನಂತೆ. ಇಲ್ಲಿಯೂ ಅದೇ ಮೋಸ: ಮೈನಸ್ 5ರಿಂದ 256ರವರೆಗಿನ ಪೂರ್ಣಾಂಕಗಳನ್ನೂ ಸಿಪೈಥಾನ್ ಮೊದಲೇ ಮಾಡಿಟ್ಟಿರುತ್ತದೆ. ಸಣ್ಣ ಕಡತದಲ್ಲಿ ಯಾವ ಅಕ್ಷರದ ಎಣಿಕೆಯೂ 256 ದಾಟಿರಲಿಲ್ಲ. 257ರಿಂದ ಮೇಲಿನ ಪ್ರತಿ ಸಂಖ್ಯೆಯೂ ಹೊಸ ವಸ್ತು, ಅದರ ಮೇಲೂ ನನ್ನ ಹಿಡಿತ ಸಡಿಲವಾಗಿರಲಿಲ್ಲ.

ಈ ಹಂತದಲ್ಲಿ ನನಗೆ ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಕಂಡದ್ದಕ್ಕೆಲ್ಲ ಡೆಕ್ರೆಫ್ ಬರೆದೆ: ಹೊಸ ಸಂಖ್ಯೆಗೆ, ಡಿಕ್ಷನರಿಯಿಂದ ‘ಗೆಟ್‌ಐಟಮ್’ ಮೂಲಕ ಪಡೆದ ಹಳೆಯ ಸಂಖ್ಯೆಗೂ. ಮೊದಲನೆಯದು ಸರಿ. ಎರಡನೆಯದು ನೆರೆಮನೆಯಿಂದ ಎರವು ತಂದ ಒಡವೆಯನ್ನು ಮಾರಿದಂತೆ. ‘ಗೆಟ್‌ಐಟಮ್’ ಕೊಡುವುದು ಬರೀ ಕೈಗಡ; ವಸ್ತು ಡಿಕ್ಷನರಿಯದೇ, ನೋಡಿ ಸುಮ್ಮನಿರಬೇಕು.

ಸೋರಿಕೆಯಾದರೆ ಮೆಮೊರಿ ಏರುವುದಾದರೂ ಕಾಣುತ್ತದೆ. ಇದು ಹಾಗಲ್ಲ. ಸಣ್ಣ ಕಡತದಲ್ಲಿ ಉತ್ತರ ಸರಿಯಾಗಿಯೇ ಬಂತು, ಏಕೆಂದರೆ 3.12ರಲ್ಲಿ ಆ ಸಣ್ಣ ಪೂರ್ಣಾಂಕಗಳು ಅಮರ. ಎಷ್ಟು ಇಳಿಸಿದರೂ ಸಾಯುವುದಿಲ್ಲ. ದೊಡ್ಡ ಕಡತದಲ್ಲಿ ‘ಕ’, ‘ರ’, ‘ದ’ ಮೂರಕ್ಕೂ ಒಂದೇ ಎಣಿಕೆ ಬಂತು. ಭಾಷೆಯ ಏನೋ ಗುಟ್ಟು ಸಿಕ್ಕಿತು ಎಂದು ಅರೆಗಳಿಗೆ ನಂಬಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದದ್ದು ಇದು: ‘ಕ’ದ ಎಣಿಕೆ 257 ಮುಟ್ಟಿದ ಮೇಲೆ, ಮುಂದಿನ ಸುತ್ತಿನಲ್ಲಿ ನನ್ನ ಹೆಚ್ಚುವರಿ ಡೆಕ್ರೆಫ್ ಆ ವಸ್ತುವನ್ನು ಕೊಂದಿತು. ಖಾಲಿಯಾದ ಜಾಗಕ್ಕೆ ಮುಂದಿನ ಸಂಖ್ಯೆ ಬಂದು ಕೂತಿತು, ಅದಕ್ಕೂ ಅದೇ ಗತಿಯಾಯಿತು. ಡಿಕ್ಷನರಿ ಮಾತ್ರ ಹಳೆಯ ವಿಳಾಸವನ್ನೇ ಹಿಡಿದುಕೊಂಡಿತ್ತು. ಕೊನೆಗೆ ಹಲವು ಅಕ್ಷರಗಳು ಒಂದೇ ವಿಳಾಸವನ್ನು ಓದುತ್ತಿದ್ದವು. ಇನ್ನೂ ದೊಡ್ಡ ಕಡತ ಕೊಟ್ಟಾಗ ಪ್ರೋಗ್ರಾಂ ಕುಸಿಯಿತು, ಅದೂ ನನ್ನ ಸಿ ಭಾಗದಲ್ಲಲ್ಲ, ಫಲಿತಾಂಶವನ್ನು ಮುದ್ರಿಸುವ ಸಾಲಿನಲ್ಲಿ.

ಮೆಮೊರಿ ತಪ್ಪುಗಳನ್ನು ಹುಡುಕುವ ವ್ಯಾಲ್‌ಗ್ರಿಂಡ್ ಹಚ್ಚಿದೆ, ಮೊದಲಿಗೆ ಅದಕ್ಕೆ ಏನೂ ಕಾಣಲಿಲ್ಲ. 512 ಬೈಟ್‌ವರೆಗಿನ ತುಂಡುಗಳನ್ನು ಪೈಥಾನ್ ತನ್ನದೇ ಉಗ್ರಾಣದಿಂದ ಕೊಡುವುದರಿಂದ ಒಳಗಿನ ಕೊಡುಕೊಳ್ಳುವಿಕೆ ಹೊರಗಿನವರಿಗೆ ತಿಳಿಯುವುದಿಲ್ಲ. ‘ಪೈಥಾನ್‌ಮ್ಯಾಲಕ್’ ಎಂಬ ಪರಿಸರ ಚರಾಂಶಕ್ಕೆ ‘ಮ್ಯಾಲಕ್’ ಎಂದು ಕೊಟ್ಟು ಉಗ್ರಾಣವನ್ನು ಬದಿಗೆ ಸರಿಸಿದ ಮೇಲೆ, ಸತ್ತ ವಸ್ತುವನ್ನು ಮುಟ್ಟಿದ ಸಾಲನ್ನು ಅದು ಬೆರಳಿಟ್ಟು ತೋರಿಸಿತು. ಎರಡು ವಾರದ ಮೇಲೆ ಹತ್ತು ನಿಮಿಷದ ಕೆಲಸ.

ಅಂದಿನಿಂದ ಸಿ ಕೋಡಿನಲ್ಲಿ ಪಾಯಿಂಟರ್ (ವಸ್ತುವಿನ ವಿಳಾಸ) ಪಡೆಯುವ ಪ್ರತಿ ಸಾಲಿನ ಪಕ್ಕದಲ್ಲೂ ಕನ್ನಡದಲ್ಲಿ ಒಂದು ಪದ ಬರೆಯುತ್ತೇನೆ: ನನ್ನದು, ಕೈಗಡ, ಕೊಟ್ಟಾಯಿತು. ‘ನನ್ನದು’ ಎಂದಿದ್ದಲ್ಲಿ ಫಂಕ್ಷನ್ ಮುಗಿಯುವುದರೊಳಗೆ, ದೋಷ ಬಂದು ಅರ್ಧಕ್ಕೇ ಹೊರಬೀಳುವ ದಾರಿಗಳಲ್ಲೂ, ಒಂದು ಡೆಕ್ರೆಫ್ ಇರಲೇಬೇಕು. ಜೊತೆಗೆ ಪೈಥಾನ್‌ನ ಡೀಬಗ್ ಬಿಲ್ಡ್ (ತಪ್ಪು ಹುಡುಕಲು ನೆರವಾಗುವ ರೂಪ) ಮಾಡಿಟ್ಟುಕೊಂಡೆ. ಅದರಲ್ಲಿ ಒಟ್ಟು ಉಲ್ಲೇಖಗಳ (ಹಿಡಿದ ಕೈಗಳ) ಮೊತ್ತ ಹೇಳುವ ‘ಗೆಟ್‌ಟೋಟಲ್‌ರೆಫ್‌ಕೌಂಟ್’ ಇದೆ. ಒಂದೇ ಕಡತವನ್ನು ಹತ್ತು ಸಲ ಓಡಿಸಿ, ಮೊದಲ ಒಂದೆರಡು ಸುತ್ತು ಬಿಟ್ಟು, ಮೊತ್ತ ಏರುತ್ತಿದೆಯೇ ಎಂದು ನೋಡುತ್ತೇನೆ. ಪರೀಕ್ಷೆಯ ಕಡತದಲ್ಲಿ ಬೇಕೆಂದೇ ‘ಕ’ ಮುನ್ನೂರು ಸಲ ಇದೆ.

2024ರಲ್ಲಿ 3.13 ಬಂದಾಗ ಡಿಕ್ಷನರಿಗೆ ‘ಗೆಟ್‌ಐಟಮ್‌ರೆಫ್’ ಎಂಬ ಹೊಸ ಫಂಕ್ಷನ್ ಸೇರಿತು. ಇದು ಕೈಗಡ ಕೊಡುವುದಿಲ್ಲ. ಎಣಿಕೆ ಏರಿಸಿ ನಮ್ಮ ಪಾಲನ್ನೇ ಕೊಡುತ್ತದೆ. ನಾನು ಅದಕ್ಕೆ ಬದಲಾಯಿಸಿಕೊಂಡೆ. ಪಕ್ಕದಲ್ಲಿದ್ದ ‘ಕೈಗಡ’ವನ್ನು ಹೊಡೆದು ‘ನನ್ನದು’ ಎಂದು ತಿದ್ದಿದೆ. ಆಮೇಲೆ, ಅಂದು ನಾಚಿಕೊಂಡು ಅಳಿಸಿದ್ದ ಅದೇ ಡೆಕ್ರೆಫ್ ಸಾಲನ್ನು ಅದೇ ಜಾಗದಲ್ಲಿ ಮತ್ತೆ ಬರೆದೆ.